ಯಮನೂರಪ್ಪ ಏನಂದ

ಲಿಂಗಸುಗೂರಿನ ದವಾಖಾನೆಯಲ್ಲಿ ಬಸವಣ್ಣೆಮ್ಮನಿಗೆ ಅಂತ ಒಂದು ಕುರ್ಚಿ ಇರಲಿಲ್ಲ. ಔಷಧ ಕೊಡುವ ಕಿಟಕಿಯ ಪಕ್ಕದ ಬೆಂಚಿನ ತುದಿಯೇ ಅವಳ ಕಚೇರಿ. ಅವಳು ನರ್ಸಮ್ಮನಲ್ಲ, ಸೂಲಗಿತ್ತಿಯಲ್ಲ, ಗುಮಾಸ್ತಳೂ ಅಲ್ಲ. ದಂಡಿಗೆ ಹೋಗಿ ಬಂದ ಸಿಪಾಯಿಗಳ ಮನೆಗಳಿಗೆ ಹೋಗಿ ಅವರ ಕೈಕಾಲು, ಎದೆ, ಕಣ್ಣು ಹೇಗಿವೆ, ಮನೆಯವರೊಂದಿಗೆ ಹೇಗಿದ್ದಾರೆ ಎಂದು ವಿಚಾರಿಸುವುದು, ಬೇಕಾದವರನ್ನು ದವಾಖಾನೆಗೆ ಕರೆತರುವುದು ಅವಳ ಕೆಲಸ. ಅವಳ ಗಂಡ ಇದೇ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ತೀರಿಕೊಂಡಿದ್ದ. ಉರ್ದು, ಕನ್ನಡ ಎರಡೂ ಓದಿ ಬರೆಯಬಲ್ಲಳು, ಯಾರ ಮನೆಯ ಕಟ್ಟೆಯ ಮೇಲಾದರೂ ಕೂತು ಮಾತಾಡಬಲ್ಲಳು ಎಂದು ದೊಡ್ಡ ಡಾಕ್ಟರು ಅವಳನ್ನು ಈ ಕೆಲಸಕ್ಕೆ ಹಚ್ಚಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಅವಳು ದವಾಖಾನಿ ಅಕ್ಕ.

ನಿಜಾಮನ ರಾಜ್ಯ ಹೋಗಿ ಐದನೆಯ ವರ್ಷ. ಯುಗಾದಿಯಾಗಿ ಹದಿನೈದು ದಿನಕ್ಕೆ ಪಾಮನಕಲ್ಲೂರಿನಿಂದ ಗದ್ದೆಮ್ಮ ಎಂಬ ಹೆಂಗಸು ದವಾಖಾನೆಗೆ ಬಂದಳು. ಬೆಂಚಿನ ಮೇಲೆ ಕೂರೆಂದರೂ ಕೂರಲಿಲ್ಲ.

"ನನ್ನ ಗಂಡಗ ತಲಿ ಸರಿ ಇಲ್ರಿ, ಯಕ್ಕಾರ," ಎಂದಳು. "ದಂಡಿನಿಂದ ಬಂದು ಏಳು ವರ್ಷ ಆತು. ಬಂದಾಗ ಚೊಲೋನ ಇದ್ದ. ಬರ್ತಾ ಬರ್ತಾ ಹಿಂಗ ಆಗ್ಯಾನ. ಕರದ್ರ ಓ ಅನ್ನಂಗಿಲ್ಲ. ಕೂಸು ಅತ್ರ ತಿರುಗಿ ನೋಡಂಗಿಲ್ಲ. ಕೇಳಿದ್ದೊಂದು, ಹೇಳೂದೊಂದು. ಹ್ವಾದ ವರ್ಷ ಗೊರೇಬಾಳದಿಂದ ಒಬ್ಬಾಕಿ ಮುದುಕಿ ಇವನ್ನ ಹುಡುಕ್ಕೊಂಡು ನಡಕೋತ ಬಂದಿದ್ದಳು. ನಾ ಎದುರಿಗೆ ನಿಂತು ಆಕಿ ಹೆಸರು ಹೇಳಿದ್ದೇ ತಡ, ಕುರಿ ಹೊಡಕೊಂಡು ಅಡವಿಗೆ ಹೋದಾವ ಮೂರು ದಿನ ಬರಲಿಲ್ಲ. ಊರಾಗ ಎಲ್ಲಾರೂ ದೆವ್ವ ಹೊಕ್ಕೈತಿ ಅಂತಾರ."

ದೊಡ್ಡ ಡಾಕ್ಟರು ಆಗ ಮೂವತ್ತು ರೋಗಿಗಳ ನಡುವೆ ಇದ್ದರು. ಗದ್ದೆಮ್ಮನ ಮಾತನ್ನು ನಿಂತಲ್ಲೇ ಕೇಳಿ, ಬುದ್ಧಿಭ್ರಮಣೆ ಎಂದು ಚೀಟಿ ಬರೆದು ಬಸವಣ್ಣೆಮ್ಮನ ಕೈಗೆ ಕೊಟ್ಟರು. "ಹೋಗಿ ನೋಡಿ, ಎರಡು ಸಾಲು ಬರೆದುಕೊಂಡು ಬನ್ನಿ. ಸೋಮವಾರ ಹೈದರಾಬಾದಿಗೆ ಗಾಡಿ ಹೋಗ್ತದೆ. ಅಲ್ಲಿ ಹುಚ್ಚರ ಆಸ್ಪತ್ರೆಗೆ ಸೇರಿಸೋಣ," ಎಂದರು.

ಆ ಗಾಡಿಯ ಸುದ್ದಿ ಬಸವಣ್ಣೆಮ್ಮನಿಗೆ ಗೊತ್ತಿತ್ತು. ಹಿಂದಿನ ವರ್ಷ ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ ಒಬ್ಬ ಹಳೆಯ ಸಿಪಾಯಿಯನ್ನು ಅವನ ಅಣ್ಣತಮ್ಮಂದಿರ ಮಾತು ನಂಬಿ, ಎರಡೇ ಸಾಲು ಬರೆದು ಅದೇ ಗಾಡಿ ಹತ್ತಿಸಿದ್ದಳು. ಅವನು ಹೊಸ್ತಿಲ ಮೇಲೆ ಕೂತು, ತಾನು ಬೆಳಿಗ್ಗೆ ಏನು ಉಂಡೆ ಎಂಬುದನ್ನು ಸರಿಯಾಗಿ ಹೇಳಿದ್ದ. ಅದನ್ನು ಅವಳು ಬರೆದಿರಲಿಲ್ಲ. ನಾಲ್ಕು ತಿಂಗಳಿಗೆ ಅವನು ಅಲ್ಲೇ ಸತ್ತ ಎಂದು ಕಾಗದ ಬಂತು. ಅಂದಿನಿಂದ ಎರಡು ಸಾಲು ಎಂದರೆ ಅವಳಿಗೆ ಕೈ ಬರುತ್ತಿರಲಿಲ್ಲ.

ಮರುದಿನ ಸರಕಾರಿ ಮೋಟಾರಿನಲ್ಲಿ ಮಸ್ಕಿಗೆ ಹೋಗಿ, ಅಲ್ಲಿಂದ ಮೇವಿನ ಬಂಡಿಯೊಂದನ್ನು ಹತ್ತಿ ಪಾಮನಕಲ್ಲೂರು ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೇರಿತ್ತು. ಊರ ಹೊರಗಿನ ಕುರಿಹಟ್ಟಿಗೆ ಅಂಟಿಕೊಂಡ ಮನೆ. ಅಂಗಳದ ಬೇವಿನ ಮರದ ನೆರಳಲ್ಲಿ ಗದ್ದೆಮ್ಮನ ಗಂಡ ದ್ಯಾವಪ್ಪ ಮನೆಗೆ ಬೆನ್ನು ಮಾಡಿ ಕೂತು ಕದಿರಿನಲ್ಲಿ ಉಣ್ಣೆ ನೂಲುತ್ತಿದ್ದ. ಮೂವತ್ತೈದರ ಒಳಗಿನ ಆಳು. ಎಳೆ ಎಲ್ಲಿಯೂ ದಪ್ಪವಾಗದೆ, ಹರಿಯದೆ ಇಳಿಯುತ್ತಿತ್ತು. ತಲೆ ಕೆಟ್ಟವನ ಕೈ ಹೀಗೆ ಸಮನಾಗಿ ನೂಲುತ್ತದೆಯೇ ಎಂದು ಬಸವಣ್ಣೆಮ್ಮ ನೋಡುತ್ತ ನಿಂತಳು.

ಅಷ್ಟರಲ್ಲಿ ಒಳಗಿನಿಂದ ಗದ್ದೆಮ್ಮ ಗಡಿಬಿಡಿಯಲ್ಲಿ ಹೊರಬಂದಳು. ಅವಳ ಸೆರಗು ತಾಗಿ ಹೊಸ್ತಿಲ ಬಳಿಯ ಹಿತ್ತಾಳೆ ಕೊಡ ಉರುಳಿ ಕಲ್ಲಿನ ಮೇಲೆ ಬಿತ್ತು. ಹಟ್ಟಿಯಲ್ಲಿದ್ದ ಮರಿಗಳು ಬೆದರಿ ಒಂದರ ಮೇಲೊಂದು ಬಿದ್ದವು. ಮಲಗಿದ್ದ ನಾಯಿ ಎದ್ದು ಬೊಗಳಿತು. ದ್ಯಾವಪ್ಪನ ಬೆನ್ನು ಅಲುಗಲಿಲ್ಲ. ಎಳೆ ಇಳಿಯುತ್ತಲೇ ಇತ್ತು.

ಬಸವಣ್ಣೆಮ್ಮ ಗದ್ದೆಮ್ಮನಿಗೆ ಸುಮ್ಮನಿರೆಂದು ಕೈಸನ್ನೆ ಮಾಡಿ, ಸುತ್ತಿ ಹೋಗಿ ಅವನ ಎದುರಿಗೆ ಕೂತಳು. ಅವನು ತಲೆಯೆತ್ತಿದ. ಕಣ್ಣು ನೇರ ಅವಳ ಬಾಯಿಯ ಮೇಲೆ ಬಂದು ನಿಂತಿತು. ಅವಳು ದನಿಯನ್ನೇ ಹೊರಡಿಸದೆ, ಬರೀ ತುಟಿ ಆಡಿಸಿ ಕೇಳಿದಳು: ದ್ಯಾವಪ್ಪಾ, ಬಿಸಲಾಗ ಬಂದೀನಿ, ಒಂದೀಟು ನೀರು ಕೊಡ್ತೀಯೇನು?

ಅವನು ಕದಿರು ಕೆಳಗಿಟ್ಟು ಒಳಗೆ ಹೋದ. ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಒಂದು ಚೂರು ಬೆಲ್ಲ ತಂದು ಮುಂದೆ ಹಿಡಿದ.

"ಯಾಕ ನೀರು ತಂದಿ?" ಎಂದಳು ಗದ್ದೆಮ್ಮ. "ಯಾರು ಕೇಳಿದ್ರು ನಿನ್ನ? ಅಕ್ಕಾರು ಬಾಯೇ ಬಿಟ್ಟಿಲ್ಲ."

ದ್ಯಾವಪ್ಪ ಹೆಂಡತಿಯ ತುಟಿ ನೋಡಿದ. ಮತ್ತೆ ಬಸವಣ್ಣೆಮ್ಮನನ್ನು ನೋಡಿದ. ತಾನು ಸಿಕ್ಕಿಬಿದ್ದದ್ದು ಅವನಿಗೆ ತಿಳಿಯಿತು. ಬಸವಣ್ಣೆಮ್ಮ ತಂಬಿಗೆ, ಬೆಲ್ಲ ಎರಡನ್ನೂ ಅವನ ಕೈಯಿಂದ ತೆಗೆದುಕೊಂಡಳು. ಪರರ ಮನೆಯ ನೀರು ಮುಟ್ಟದ ಮನೆತನದಲ್ಲಿ ಹುಟ್ಟಿದವಳು ಅವಳು. ಬೆಲ್ಲ ಕಡಿದು, ತಂಬಿಗೆ ಬರಿದಾಗುವವರೆಗೂ ಕುಡಿದು, ಗದ್ದೆಮ್ಮನ ಕಡೆ ತಿರುಗಿದಳು.

"ಇವಗ ದೆವ್ವ ಹೊಕ್ಕಿಲ್ಲ, ತಂಗಿ. ತಲೀನೂ ಕೆಟ್ಟಿಲ್ಲ. ಕಿವಿ ಕೇಳಂಗಿಲ್ಲ, ಅಷ್ಟ. ಎದುರಿಗಿದ್ದವರ ತುಟಿ ನೋಡಿ ಮಾತು ತಿಳಕೊಂತಾನ."

ಗದ್ದೆಮ್ಮ ನಂಬಲೋ ಬಿಡಲೋ ಎಂದು ಗಂಡನ ಮುಖ ನೋಡಿದಳು. ಅವನು ತಲೆ ತಗ್ಗಿಸಿದ್ದ. "ಇಷ್ಟು ವರ್ಷ ನಾನು ಗ್ವಾಡಿ ಜೋಡಿ ಮಾತಾಡೀನಿ," ಎಂದಳು ಕೊನೆಗೆ. "ಸಿಟ್ಟು ಮಾಡ್ಯಾನ, ನಾ ಬ್ಯಾಡಾಗೀನಿ ಅಂತ ತಿಳಕೊಂಡಿದ್ದೆ. ಒಂದು ಮಾತು ಹೇಳಿದ್ರ ಏನಾಗ್ತಿತ್ತು ಇವಗ?"

ಅದನ್ನೇ ಬಸವಣ್ಣೆಮ್ಮನೂ ಕೇಳಿದಳು. ಗದ್ದೆಮ್ಮ ಕೂಸನ್ನು ಎತ್ತಿಕೊಂಡು ಒಳಗೆ ಹೋದ ಮೇಲೆ, ಎದುರು ಕೂತು ನಿಧಾನವಾಗಿ ಕೇಳಿದಳು: "ಯಾಕ ಮುಚ್ಚಿಟ್ಟಿ, ದ್ಯಾವಪ್ಪಾ?"

ಮಾತಾಡಿದಾಗ ಅವನ ದನಿ ಹದ ತಪ್ಪಿತ್ತು. ಒಂದು ಮಾತು ಕೂಗಿದಂತೆ, ಇನ್ನೊಂದು ಗಂಟಲಲ್ಲೇ ಉಳಿದಂತೆ.

"ಕಿವಿ ಹೋಗ್ಯಾವ ಅಂದ್ರ, ಯಾವಾಗ ಹ್ವಾದವು ಅಂತ ಕೇಳ್ತಾರ್ರಿ. ಯಾವಾಗ ಅಂತ ಹೇಳಿದ್ರ ಕರೆಮ್ಮಗ ಗೊತ್ತಾಗ್ತದ."

ಕರೆಮ್ಮ ಎಂದರೆ ಗೊರೇಬಾಳದ ಆ ಮುದುಕಿ. ಅವಳ ಮಗ ಯಮನೂರಪ್ಪ ಮತ್ತು ದ್ಯಾವಪ್ಪ ಒಂದೇ ದಿನ ಲಿಂಗಸುಗೂರಿನಲ್ಲಿ ದಂಡಿಗೆ ಸೇರಿದವರು. ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಕಂಬಳಿಯಲ್ಲಿ ಮಲಗಿದವರು. ಬರ್ಮಾದ ಕಾಡಿನಲ್ಲಿ ಒಂದು ಬೆಳಿಗ್ಗೆ ಇಬ್ಬರ ನಡುವೆ ತೋಪಿನ ಗುಂಡು ಬಂದು ಸಿಡಿಯಿತು. ದ್ಯಾವಪ್ಪನ ಮೈಗೆ ಒಂದು ಗಾಯವೂ ಆಗಲಿಲ್ಲ. ಕಿವಿಯಲ್ಲಿ ಮಾತ್ರ ಜೇನುಹುಳು ಎದ್ದಂತೆ ಗುಂಯ್ ಎಂದು, ಲೋಕವೆಲ್ಲ ಮುಚ್ಚಿಕೊಂಡಿತು. ಯಮನೂರಪ್ಪನ ಹೊಟ್ಟೆ ಬಿರಿದಿತ್ತು.

"ಅವನ ತಲಿ ನನ್ನ ತೊಡಿ ಮ್ಯಾಲಿತ್ತು. ಬಾಯಿ ಆಡಾಕತ್ತಿತ್ತು. ಏನೋ ಹೇಳಾಕತ್ತಿದ್ದ. ಒಂದ್ಸಲ ಅಲ್ಲ, ಮೂರು ನಾಕು ಸಲ ಹೇಳಿದ. ನನಗ ಕೇಳಿಸಲಿಲ್ಲ. ಈಗ ತುಟಿ ನೋಡಿ ತಿಳಕೊಂತೀನ್ರಿ, ಆವಾಗ ಆ ವಿದ್ಯಾ ಇದ್ದಿದ್ದಿಲ್ಲ. ನಾ ಹ್ಞೂಂ ಅಂದೆ. ಯಾವ ಮಾತಿಗೆ ಹ್ಞೂಂ ಅಂದೆ ಅಂತ ನನಗ ಗೊತ್ತಿಲ್ಲ."

ಆಮೇಲೆ ಕೆಲವು ದಿನಕ್ಕೆ ಅರ್ಧ ಕೇಳಿಸತೊಡಗಿತ್ತು. ಊರಿಗೆ ಬಂದಾಗಲೂ ಜೋರಾಗಿ ಮಾತಾಡಿದರೆ ತಿಳಿಯುತ್ತಿತ್ತು. ಎರಡು ವರ್ಷದಲ್ಲಿ ಅದೂ ಹೋಯಿತು. ಅತ್ತ ಕರೆಮ್ಮ ಮಸ್ಕಿಯ ಕಡೆ ಹೋಗುವ ಪ್ರತಿಯೊಬ್ಬರ ಕೈಯಲ್ಲಿ ಹೇಳಿ ಕಳಿಸುತ್ತಿದ್ದಳು. ನನ್ನ ಮಗ ಹೋಗುವಾಗ ಏನಂದ, ಅಷ್ಟು ಹೇಳಿ ಕಳಿಸು.

"ಏನಂತ ಹೇಳ್ಲಿ?" ಎಂದ ದ್ಯಾವಪ್ಪ. "ನಿನ್ನ ಮಗ ಹೇಳಿದ, ನಾ ಕಳಕೊಂಡೆ ಅಂತ ಹೇಳ್ಲೇನು?"

ಏನಾದರೊಂದು ಕಟ್ಟಿ ಹೇಳಿಬಿಡು, ಅವ್ವಾ ಅಂದ ಎನ್ನು, ಮುದುಕಿಗೆ ಅಷ್ಟೇ ಸಾಕು ಎಂಬ ಮಾತು ಬಸವಣ್ಣೆಮ್ಮನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಸುಳ್ಳು ಹೇಳುವುದಾಗಿದ್ದರೆ ಇವನು ಏಳು ವರ್ಷದ ಹಿಂದೆಯೇ ಹೇಳಿ ಹಗುರಾಗುತ್ತಿದ್ದ. ಅದು ಇವನಿಂದ ಆಗದ್ದಕ್ಕೇ ಈ ಗತಿ. ಅವಳು ಚೀಲದಿಂದ ಡಾಕ್ಟರ ಚೀಟಿ ತೆಗೆದು, ಅದರ ಹಿಂದೆ ಅಲ್ಲೇ ಕೂತು ಬರೆದಳು: ಬುದ್ಧಿ ನೆಟ್ಟಗಿದೆ, ಕಿವಿ ಕೇಳುವುದಿಲ್ಲ, ನಾನೇ ಪರೀಕ್ಷೆ ಮಾಡಿ ನೋಡಿದ್ದೇನೆ. ಹೆಸರು ಹಾಕಿದಳು. ಆಮೇಲೆ ಅವನ ಮುಖದ ಎದುರಿಗೆ ಬಾಗಿ ಹೇಳಿದಳು.

"ಆಕಿ ಹೆತ್ತಾಕಿ. ಕೇಳೂದು ಬಿಡಂಗಿಲ್ಲ. ನೀನೂ ಅಡವಿಗೆ ಓಡೂದು ಬಿಡಂಗಿಲ್ಲ. ಹಿಂಗ ಎಷ್ಟು ವರ್ಷ? ನಾ ಜೋಡಿ ಬರ್ತೀನಿ. ಇದ್ದದ್ದು ಇದ್ದಂಗ ಹೇಳು. ಬೈದ್ರ ಇಬ್ಬರೂ ಬೈಸಿಕೊಳ್ಳಾಣ."

ಅವನು ಒಪ್ಪಲಿಲ್ಲ. ಸೋಮವಾರದ ಗಾಡಿ ಅವನಿಲ್ಲದೆಯೇ ಹೈದರಾಬಾದಿಗೆ ಹೋಯಿತು. ಒಪ್ಪಿದ್ದು ಎಂಟು ದಿನದ ಮೇಲೆ, ಗದ್ದೆಮ್ಮ ತಾನೂ ಬರುತ್ತೇನೆಂದು ಬುತ್ತಿ ಕಟ್ಟಿಕೊಂಡು ನಿಂತಾಗ.

ಗೊರೇಬಾಳದ ಸುತ್ತ ಆಗ ಕಾಲುವೆ ತೋಡುವ ಕೆಲಸ. ಎಲ್ಲೆಲ್ಲಿಯದೋ ಜನ ಗುಡಿಸಲು ಹಾಕಿಕೊಂಡಿದ್ದರು. ಕರೆಮ್ಮ ಆ ಕೂಲಿಗಳಿಗೆ ರೊಟ್ಟಿ ಬಡಿದುಕೊಟ್ಟು ಜೀವನ ಮಾಡುತ್ತಿದ್ದಳು. ಇವರು ಹೋದಾಗ ಒಲೆಯ ಮುಂದೆ ಕೂತಿದ್ದಳು. ಯಾರೆಂದು ಹೇಳುವ ಮೊದಲೇ ದ್ಯಾವಪ್ಪನನ್ನು ಗುರುತು ಹಿಡಿದಳು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿ, "ಬಂದ್ಯಾ?" ಎಂದಳು.

ದ್ಯಾವಪ್ಪ ನಿಂತೇ ಹೇಳಿದ. ದನಿ ಮೇಲೇರಿ ಹಾದಿಯ ಜನ ನಿಂತು ನೋಡುವಂತಾಯಿತು. ಬಸವಣ್ಣೆಮ್ಮ ಅವನ ತೋಳು ಮುಟ್ಟಿದಳು. ಅವನು ದನಿ ತಗ್ಗಿಸಿ, ಗುಂಡು ಬಿದ್ದದ್ದು, ತೊಡೆಯ ಮೇಲೆ ತಲೆ ಇಟ್ಟುಕೊಂಡದ್ದು, ಬಾಯಿ ಆಡಿದ್ದು, ತನಗೆ ಕೇಳಿಸದ್ದು, ಒಂದನ್ನೂ ಬಿಡದೆ ಹೇಳಿದ. ಹ್ಞೂಂ ಅಂದದ್ದನ್ನೂ ಹೇಳಿದ. ಹಂಚಿನ ಮೇಲೆ ರೊಟ್ಟಿ ಹೊತ್ತಿ ಹೊಗೆಯೆದ್ದಿತು. ಗದ್ದೆಮ್ಮ ಹೋಗಿ ಅದನ್ನು ತೆಗೆದಳು.

"ಬಾಯಿ ಹೆಂಗ ಆಡಿತು, ಮಾಡಿ ತೋರ್ಸು," ಎಂದಳು ಕರೆಮ್ಮ.

ದ್ಯಾವಪ್ಪ ಅವಳ ಎದುರಿಗೆ ಮೊಳಕಾಲೂರಿ ಕೂತ. ಕಣ್ಣು ಮುಚ್ಚಿದ. ಅವನ ತುಟಿಗಳು ಒಂದಕ್ಕೊಂದು ಮುಟ್ಟಿದವು, ಬಿಟ್ಟವು, ದುಂಡಗಾದವು. ಮತ್ತೆ ಮುಟ್ಟಿದವು. ಕರೆಮ್ಮ ಹಿಟ್ಟಿನ ಕೈಯಿಂದ ಅವನ ಗದ್ದ ಹಿಡಿದು, ಮುಖ ಬೆಳಕಿಗೆ ತಿರುಗಿಸಿ, ಎವೆಯಿಕ್ಕದೆ ನೋಡಿದಳು. ಇನ್ನೊಮ್ಮೆ ಮಾಡಿಸಿದಳು. ಮತ್ತೊಮ್ಮೆ ಮಾಡಿಸಿದಳು.

"ತಿಳೀಲಿಲ್ಲೋ, ತಮ್ಮಾ," ಎಂದಳು ಕಡೆಗೆ. ಅವಳ ಕೈ ಅವನ ಗದ್ದವನ್ನು ಬಿಟ್ಟಿರಲಿಲ್ಲ. "ಇರಲಿ ಬಿಡು. ಅಡವ್ಯಾಗ ಒಬ್ಬನ ಬಿದ್ದು ಸತ್ತಾನ, ನಾಯಿ ನರಿ ತಿಂದಾವ ಅಂತ ಊರಾಗ ಹೇಳ್ತಿದ್ರು. ದಿನಾ ಅದ ಕಣ್ಣ ಮುಂದ ಬರ್ತಿತ್ತು ನನಗ. ಅವನ ತಲಿ ನಿನ್ನ ತೊಡಿ ಮ್ಯಾಲಿತ್ತಲ್ಲ. ಬಾಯಿ ಕಾಣೂವಷ್ಟು ಸಮೀಪ ನೀ ಇದ್ದೆಲ್ಲ. ಹ್ಞೂಂ ಅನ್ನಾಕ ಒಬ್ಬಾವ ಇದ್ದ ನನ್ನ ಮಗಗ."

ಅವಳು ಹೇಳಿದ್ದು ದ್ಯಾವಪ್ಪನಿಗೆ ಕಂಡಿರಲಿಲ್ಲ. ಅವನ ಕಣ್ಣು ತುಂಬಿ ಅವಳ ತುಟಿಗಳು ಕಲಸಿಹೋಗಿದ್ದವು. ಬಸವಣ್ಣೆಮ್ಮ ತಾನು ಹೇಳಲೆಂದು ಬಾಯಿ ತೆರೆಯುವಷ್ಟರಲ್ಲಿ ಗದ್ದೆಮ್ಮ ಗಂಡನ ಎದುರಿಗೆ ಬಂದು ಕೂತು, ಸೆರಗಿನಿಂದ ಅವನ ಕಣ್ಣೊರೆಸಿ, ಮುದುಕಿಯ ಒಂದೊಂದು ಮಾತನ್ನೂ ಬಿಡಿಸಿ ಬಿಡಿಸಿ ಹೇಳಿದಳು. ಮದುವೆಯಾದ ಮೇಲೆ ಅವಳು ಅವನಿಗೆ ಅಷ್ಟು ನಿಧಾನವಾಗಿ ಮಾತಾಡಿದ್ದು ಅದೇ ಮೊದಲಿರಬೇಕು.

ಕರೆಮ್ಮ ಮೂವರಿಗೂ ಬಿಸಿ ರೊಟ್ಟಿ, ಪುಂಡಿಪಲ್ಯ ಹಾಕಿದಳು. ಉಣ್ಣುವಾಗ ಯಮನೂರಪ್ಪ ದಂಡಿನಲ್ಲಿ ಏನು ತಿನ್ನುತ್ತಿದ್ದ, ಯಾರೊಂದಿಗೆ ಜಗಳಾಡುತ್ತಿದ್ದ ಎಂದು ಒಂದೊಂದೇ ಕೇಳಿದಳು. ಅವೆಲ್ಲ ದ್ಯಾವಪ್ಪನಿಗೆ ಗೊತ್ತಿದ್ದವು. ಹೊತ್ತು ಇಳಿಯುವವರೆಗೂ ಹೇಳಿದ.

ಮುಂದಿನ ವಾರ ದ್ಯಾವಪ್ಪ ತಾನಾಗಿ ಲಿಂಗಸುಗೂರಿಗೆ ಬಂದು ದೊಡ್ಡ ಡಾಕ್ಟರಿಗೆ ಕಿವಿ ತೋರಿಸಿದ. ಅವನು ಯಾರಿಗೂ ಹೇಳದೆ ತಡೆದುಕೊಂಡಿದ್ದ ಬಲಗಿವಿಯ ಕೀವು ಔಷಧಕ್ಕೆ ನಿಂತಿತು, ಅದರ ತಲೆನೋವು ಕಡಿಮೆಯಾಯಿತು. ಕೇಳುವ ಶಕ್ತಿ ಮಾತ್ರ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು. ಹರಿದು ಹಾಕಬೇಕಾಗಿದ್ದ ತಮ್ಮ ಹಳೆಯ ಬುದ್ಧಿಭ್ರಮಣೆಯ ಚೀಟಿಯನ್ನು ಅವರು ಮೇಜಿನ ಗಾಜಿನ ಕೆಳಗೆ ಸೇರಿಸಿಟ್ಟುಕೊಂಡರು.

ಜೋಳ ಬಿತ್ತುವ ಕಾಲಕ್ಕೆ ಅವಳು ಮತ್ತೆ ಪಾಮನಕಲ್ಲೂರಿಗೆ ಹೋದಳು. ದ್ಯಾವಪ್ಪ ಕುರಿ ಕಾಯಲು ಹೋಗಿದ್ದ. ಕರೆಮ್ಮ ಎಂಟು ದಿನ ಇದ್ದು ಹೋದಳೆಂದು ಗದ್ದೆಮ್ಮ ಹೇಳಿದಳು.

"ನೀ ಹೆಂಗಿದ್ದಿ?" ಎಂದು ಕೇಳಿದಳು ಬಸವಣ್ಣೆಮ್ಮ.

"ದಿನಾ ಜಗಳ, ಯಕ್ಕಾರ," ಎಂದಳು ಗದ್ದೆಮ್ಮ. ಮುಖದಲ್ಲಿ ನಗು ಇತ್ತು. "ಎದುರಿಗೆ ಕುಂದ್ರಿಸಿಕೊಂಡು ಬೈತೀನಿ. ಸಾಕಾದ್ರ ಕಣ್ಣು ಮುಚ್ಚಿಕೊಂಡು ಕುಂದ್ರತಾನ, ಕಳ್ಳ."