ಬಿಡತೀವಿ ಅಂದ ಬಾಯಿ

ಆ ದಿನ ಎಲ್ಲರಿಗಿಂತ ಜೋರಾಗಿ ಕೂಗಿದವನು ನಾನೇ. ಎಪ್ಪತ್ತೆಂಟು ವರ್ಷ ಒಬ್ಬರ ಮುಂದೂ ದನಿ ಏರಿಸದವನು ಗಂಟಲು ಹರಿಯುವಂತೆ ಕೂಗಿದೆ.

ಮುಂದಿನ ಚುನಾವಣೆಗೆ ನಿಲ್ಲುವ ರಾಜಪ್ಪ ನಮ್ಮೂರಿಗೆ ಭಾಷಣಕ್ಕೆ ಬಂದಿದ್ದ. ನನ್ನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದಿಸಿ, ಮೈಕಿನಲ್ಲಿ "ಉದ್ದಪ್ಪಜ್ಜಾರು ನನ್ನ ಹಡದ ತಂದಿ ಇದ್ದಂಗ" ಅಂದ. ನಮ್ಮ ಕೇರಿಯವನಿಗೆ ಊರ ನಡುವೆ ಕುರ್ಚಿ ಸಿಕ್ಕಿದ್ದೇ ಅಂದು. ಕರಗಿಹೋದೆ.

ಆಮೇಲೆ ಕೇಳತೊಡಗಿದ.

"ಡಾಂಬರ ರಸ್ತಾ ಬೇಕೋ ಬ್ಯಾಡೋ?"

"ಬೇಕು!"

"ಹುಡುಗೂರಿಗೆ ಊರಾಗ ಕೆಲಸ ಬೇಕೋ ಬ್ಯಾಡೋ?"

"ಬೇಕು!"

"ನಾ ನಿಮ್ಮ ಮನಿ ಮಗ ಹೌದೋ ಅಲ್ಲೋ?"

"ಹೌದು!"

ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ನಮಗೆ ಉಸಿರಾಡಲು ಬಿಡಲಿಲ್ಲ. "ಹಂಗಾರ ಗೋದಾಮಿಗೆ ಕಾಲುವಿ ಬಾಜೂಕಿನ ಜಾಗಾ ಬಿಡತೀರೋ ಇಲ್ಲೋ?"

"ಬಿಡತೀವಿ!"

ಕಾಲುವೆ ಪಕ್ಕದ್ದು ನಮ್ಮ ಕೇರಿಯ ಸುಡುಗಾಡು. ನಮ್ಮ ಹೆಣ ಹೂಳಲು ಬೇರೆ ನೆಲವಿಲ್ಲ. ನಮ್ಮಪ್ಪ ಎರಡು ವರ್ಷ ಹುಕ್ಕೇರಿ ಕಚೇರಿಗೆ ನಡೆದು ನಡೆದು ಆ ಅರ್ಧ ಎಕರೆ ಬರೆಸಿಕೊಂಡು ಬಂದಿದ್ದ. ಅಲ್ಲಿನ ಬೇವಿನ ಗಿಡದ ಬುಡದಲ್ಲಿ ನನ್ನ ಹೆಂಡತಿ ಕೆಂಪವ್ವ ಮಲಗಿದ್ದಾಳೆ. ಇದೆಲ್ಲ ನೆನಪಾದದ್ದು ಕೂಗು ಬಾಯಿಂದ ಹೊರಬಿದ್ದ ಮೇಲೆ.

ಅದಕ್ಕಿಂತ ಉರಿಯುವುದು ಬೇರೆ. ಹಿಂದಿನ ತಿಂಗಳು ಅವನದೇ ಟೆಂಪೋದಲ್ಲಿ ಮಮದಾಪುರದ ಸಭೆಗೂ ಹೋಗಿದ್ದೆ. ಅಲ್ಲಿಯೂ ಒಬ್ಬ ಮುದುಕನಿಗೆ ಶಾಲು. ಆ ಮುದುಕನೂ ರಾಜಪ್ಪನ ಹಡೆದ ತಂದೆ. ಅವೇ ಪ್ರಶ್ನೆಗಳು, ಅದೇ ಸಾಲಿನಲ್ಲಿ. "ಮನಿ ಮಗ" ಅಂದೊಡನೆ ಕನ್ನಡಕ ತೆಗೆದು ಕಣ್ಣೊರೆಸಿದ್ದೂ ಅದೇ ಜಾಗದಲ್ಲಿ. ನನಗೆ ಒಮ್ಮೆ ಕೇಳಿದ್ದು ಮರೆಯುವುದಿಲ್ಲ. ಎಲ್ಲ ಗೊತ್ತಿದ್ದೂ ಕೂಗಿದೆ.

ಎಂಟು ದಿನಕ್ಕೆ ಸಮುದಾಯ ಭವನದಲ್ಲಿ ಊರವರ ಸಭೆ. ರಾಜಪ್ಪ, ಅವನ ಮಂದಿ ಜಾಗ ಬಿಡುವ ಠರಾವು ಬರೆದುಕೊಂಡೇ ಬಂದಿದ್ದರು, ಸಹಿ ಒಂದು ಬಾಕಿ. ನಮ್ಮ ಕೇರಿಯ ಶಂಕ್ರವ್ವ ಎದ್ದು, "ನಮ್ಮನ್ನ ಯಾರ ಕೇಳ್ಯಾರ?" ಅಂದಳು.

ರಾಜಪ್ಪ ನಕ್ಕು ಫೋನು ಎತ್ತಿ ಹಿಡಿದ. "ಯವ್ವಾ, ನಿಮ್ಮ ಉದ್ದಪ್ಪಜ್ಜಾರ ಬಾಯಿಂದನ ಕೇಳ್ರಿ."

ಭಾಷಣದ ದಿನದ ವಿಡಿಯೋ. ಫೋನಿನೊಳಗೆ ನನ್ನ ಬಾಯಿ. ಎರಡೇ ಹಲ್ಲು. ಬಿಡತೀವಿ!

"ಭಾಳ ಜ್ವಾರ ಕೂಗೀಯಲ್ಲೋ ಉದ್ದಪ್ಪಾ," ಅಂದಳು ಶಂಕ್ರವ್ವ. "ಶಾಲು ಬೆಚ್ಚಗಿತ್ತೇನ?"

ಮಂದಿ ನಕ್ಕರು. ಪಕ್ಕದಲ್ಲಿದ್ದ ನನ್ನ ಮಗಳು ಆಮ್ರಪಾಲಿ ನನ್ನ ತೋಳು ಹಿಡಿದಳು. "ಅಪ್ಪಾ, ಏನರ ಮಾತಾಡು. ಅವ್ವ ಅದಾಳ ಅಲ್ಲಿ."

ಎದ್ದೆ. ರಾಜಪ್ಪ ಬಂದು ಹೆಗಲ ಮೇಲೆ ಕೈಯಿಟ್ಟ. "ಅಜ್ಜಾರ, ಒಂದ ಮಾತಿನಾಗ ಹೇಳ್ರಿ. ಊರು ಉದ್ಧಾರ ಆಗೋದು ಬೇಕೋ ಬ್ಯಾಡೋ?"

ಸಭೆಯ ಬಾಯಿ ತಾನಾಗಿ ತೆರೆಯಿತು. ನನ್ನದೂ. ತುಟಿ ಬಿಗಿದು ಮುಚ್ಚಿದೆ. ಅವನ ಕೈ ಕಿತ್ತು ಹಾಕಿದೆ.

"ನೀ ಕೇಳಿದ್ದು ಸಾಕು. ಇನ್ನ ನಾ ಕೇಳತೇನಿ. ಬೇವಿನ ಬುಡಕ ಕೆಂಪವ್ವ ಅದಾಳ. ಆಕಿ ಎಡಕ್ಕ ಬಾಣಂತಿ ಫಕೀರವ್ವ, ಕೂಸಿನ ಸಂಗಾಟ. ಕಾಲುವಿ ಕಡೆ ಈ ಶಂಕ್ರವ್ವನ ಗಂಡ ಮುತ್ತಪ್ಪ. ಇವರನ್ನ ಅಗದು ತಗದು ಎಲ್ಲಿ ಇಡಾಂವ? ನಾ ನಿನ್ನ ಹಡದ ತಂದಿ ಅಲ್ಲೇನೋ? ಅಂದ್ರ ಕೆಂಪವ್ವ ನಿನ್ನ ತಾಯಿ ಆದ್ಲು. ಮೊದಲ ಗುದ್ದಲಿ ನೀನ ಹಾಕು ಬಾ."

ನಗು ನಿಂತಿತು. ಶಂಕ್ರವ್ವ ಬಂದು ನನ್ನ ಪಕ್ಕ ನಿಂತಳು.

"ಅಜ್ಜಾರ, ಅಭಿವೃದ್ಧಿ ಅಂದ್ರ ತ್ಯಾಗ..."

"ತ್ಯಾಗ ಅನಬ್ಯಾಡ. ಎಲ್ಲಿ ಇಡತಿ, ಅದನ್ನ ಹೇಳು."

ಅವನ ಕೈ ಕನ್ನಡಕಕ್ಕೆ ಹೋಯಿತು.

"ಕಣ್ಣು ಒರಸಬ್ಯಾಡ. ಮಮದಾಪುರದಾಗ ನೋಡೇನಿ."

ಅಂದು ಆ ಹಾಳೆಯ ಮೇಲೆ ಒಂದು ಸಹಿಯೂ ಬೀಳಲಿಲ್ಲ. ಹೆಗಲ ಮೇಲಿದ್ದ ಆ ಶಾಲನ್ನು ಅವನ ಕಾರಿನ ಮೇಲೆ ಎಸೆದು ಮನೆಗೆ ಬಂದೆ. ಆ ಬಾಯಿ ಮಾತ್ರ ಇನ್ನೂ ಅವನ ಫೋನಿನಲ್ಲಿದೆ. ಮೊನ್ನೆ ಅರಭಾವಿಯಲ್ಲಿ ಯಾರಿಗೋ ಅದನ್ನು ತೋರಿಸಿದನಂತೆ. ಅವನು ಬೆರಳು ಒತ್ತಿದಾಗಲೆಲ್ಲ ನಾನು ಕೆಂಪವ್ವನನ್ನು ಬಿಟ್ಟುಕೊಡುತ್ತಲೇ ಇದ್ದೇನೆ.