ಬೋರಕ್ಕನ ಮಡಿಲಕ್ಕಿ

ನಾನು ಒಂದು ನೆಲದಾಮೆ. ಬೆನ್ನ ಮೇಲೆ ಹಳದಿ ನಕ್ಷತ್ರ ಬರೆದುಕೊಂಡು ಹುಟ್ಟುವ ಜಾತಿ. ಚಳ್ಳಕೆರೆಯ ಆಚೆ, ಕುರುಚಲು ಗಿಡಗಳ ದಿಬ್ಬದಲ್ಲಿ ಮಣ್ಣು ಕೆದರಿ ಹೊರಬಂದವಳು. ನನ್ನ ಕಾಲುಗಳು ಮೋಟು ಕಂಬದಂಥವು. ನಡೆಯಲಿಕ್ಕೆ, ಅಗೆಯಲಿಕ್ಕೆ ಚೆನ್ನ. ಈಜಲಿಕ್ಕೆ ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇಡೀ ಜೀವಮಾನದಲ್ಲಿ ಇದೊಂದನ್ನು ಯಾರಿಗೂ ತಿಳಿಸಲು ನನ್ನಿಂದ ಆಗಲಿಲ್ಲ.

ಅಂಗೈಯಷ್ಟಿದ್ದಾಗ ಕುರಿ ಕಾಯುವ ಕರಿಯಣ್ಣ ನನ್ನನ್ನು ಎತ್ತಿ ಕಂಬಳಿಯೊಳಗೆ ಹಾಕಿಕೊಂಡ. ರಾಗಿ ಬೀಸಿಸಲು ಪಾಲಯ್ಯನ ಗಿರಣಿಗೆ ಹೋದವನು, "ಮನೆಗೆ ಒಳ್ಳೇದಾಗ್ತೈತೆ, ಇಟ್ಕಳಪ್ಪ" ಎಂದು ಅಲ್ಲೇ ಬಿಟ್ಟುಹೋದ. ಪಾಲಯ್ಯನಿಗೂ ಹೆಂಡತಿ ಓಬಮ್ಮನಿಗೂ ಮಕ್ಕಳಿರಲಿಲ್ಲ. ನನಗೆ ಬೋರಣ್ಣ ಎಂದು ಹೆಸರಿಟ್ಟರು. ಎಷ್ಟೋ ವರ್ಷದ ಮೇಲೆ ಬೋರಣ್ಣ ಹಿತ್ತಲಲ್ಲಿ ಮೊಟ್ಟೆ ಇಟ್ಟ. ಓಬಮ್ಮ ನಕ್ಕು ನಕ್ಕು ಸುಸ್ತಾದಳು. ಅಂದಿನಿಂದ ನಾನು ಬೋರಕ್ಕ.

ನೆಲದಿಂದ ನೋಡುವವಳಿಗೆ ಮನುಷ್ಯರೆಂದರೆ ಮುಖ್ಯವಾಗಿ ಪಾದ. ಪಾಲಯ್ಯನ ಪಾದಕ್ಕೆ ಸದಾ ಹಿಟ್ಟು ಮೆತ್ತಿರುತ್ತಿತ್ತು. ಓಬಮ್ಮನ ಹಿಮ್ಮಡಿ ಒಡೆದಿರುತ್ತಿತ್ತು. ಅವಳು ಸೌತೆಕಾಯಿ ಹೆಚ್ಚುವಾಗ ಮೊದಲ ಹೋಳು ನನಗೆ, ಎರಡನೆಯದು ಗಂಡನಿಗೆ. ಆ ಪಾದಗಳ ಸುತ್ತಲೇ ನಾನು ಬೆಳೆದೆ. ಅವು ಮುದಿಯಾದವು, ನಾನು ಆಗಲಿಲ್ಲ.

ಬೇಸಿಗೆ ಬಂತೆಂದರೆ ಪಾಲಯ್ಯ ನನ್ನನ್ನು ತುಂಬಿದ ಬೋಗುಣಿಗೆ ಇಳಿಸುತ್ತಿದ್ದ. ನಾನು ಹೆದರಿ, ಕಾಲು ಬಡಿದು, ಅಂಚು ಹತ್ತಿ ಹೊರಗೆ ಬೀಳುತ್ತಿದ್ದೆ.

"ಪಾಪ, ಬೋಗುಣಿ ಸಾಲದು ಕಣೆ ಇವಳಿಗೆ. ಕೆರ್‍ಯಾಗಿರೋ ಜೀವ. ನಮ್ಮಾಸೆಗೆ ಕೂಡಾಕಿದೀವಿ" ಎನ್ನುತ್ತಿದ್ದ.

ಆ ಕೊರಗು ಅವನನ್ನು ಬಿಡಲೇ ಇಲ್ಲ. ಕೆರೆ ತುಂಬಿದೆ ಎಂದು ಯಾರಾದರೂ ಹೇಳಿದರೆ ನನ್ನ ಮುಖ ನೋಡಲು ನಾಚುತ್ತಿದ್ದ.

ಈಚೆಗೆ ಗೋಧಿ ಬೀಸಿಸಲು ಬಂದ ಮೇಷ್ಟ್ರೊಬ್ಬರು ನನ್ನನ್ನು ಕಂಡು ಗಾಬರಿಯಾದರು. "ಇಂಥ ಆಮೆ ಸಾಕೋದು ಅಪರಾಧ, ಪಾಲಯ್ಯ. ಅರಣ್ಯ ಇಲಾಖೆಯೋರಿಗೆ ಒಪ್ಪಿಸ್ಬಿಡು."

ಓಬಮ್ಮ ಅವತ್ತು ಉಣ್ಣಲಿಲ್ಲ. "ಬೋನಿಗಾಕಾಕೆ ನಾನು ಕೊಡಾಕಿಲ್ಲ" ಎಂದಳು.

"ಬೋನು ಯಾಕೆ? ಕೆರೆ ಐತಲ್ಲ" ಎಂದ ಪಾಲಯ್ಯ. "ಅವಳ ಮನೆಗೇ ಅವಳ್ನ ಕಳಿಸಾಣ."

ಅಯ್ಯೋ ಹುಚ್ಚು ಮುದುಕ! ನಾನು ಅಕ್ಕಿ ಡಬ್ಬದ ಹಿಂದೆ ಹೋಗಿ ಅವಿತೆ. ಅದಕ್ಕೂ ಅವನು, "ನಮ್ಮನ್ನ ಬಿಟ್ಟೋಗಾಕೆ ಸಂಕಟ ಇವಳಿಗೆ" ಎಂದು ಕಣ್ಣೊರೆಸಿಕೊಂಡ.

ಮಗಳನ್ನು ಗಂಡನ ಮನೆಗೆ ಕಳಿಸುವಾಗ ಮಡಿಲು ತುಂಬುವುದಿಲ್ಲವೇ, ನನ್ನನ್ನೂ ಹಾಗೆಯೇ ಕಳಿಸಬೇಕೆಂದು ಓಬಮ್ಮ ಹಟ ಹಿಡಿದಳು. ಅಕ್ಕಿ, ಬೆಲ್ಲದಚ್ಚು, ಕೊಬ್ಬರಿ ಬಟ್ಟಲು, ಅರಿಶಿನದ ಕೊನೆ, ಎಲ್ಲವನ್ನೂ ಹಸಿರು ರವಿಕೆ ಕಣದಲ್ಲಿ ಗಂಟು ಕಟ್ಟಿದಳು. ಆದರೆ ನನಗೆ ಮಡಿಲೆಲ್ಲಿದೆ? ಗಂಟನ್ನು ಬೆನ್ನ ಮೇಲಿಟ್ಟು, ದಾರವನ್ನು ಹೊಟ್ಟೆಯ ಕೆಳಗಿಂದ ತಂದು ಬಿಗಿದಳು. ನನ್ನ ಹಣೆಗೆ ಕುಂಕುಮವನ್ನೂ ಇಟ್ಟಳು. ಇಷ್ಟು ಪ್ರೀತಿಯಿಂದ ಯಾರೂ ಯಾರನ್ನೂ ಕಳಿಸಿರಲಾರರು.

ಕೆರೆ ಕೋಡಿ ಬಿದ್ದಿತ್ತು. ಪಾಲಯ್ಯ ನನ್ನನ್ನು ಎದೆಗೆ ಅವಚಿಕೊಂಡು ನೀರಿಗಿಳಿದ. "ದಡದಾಗೆ ಬಿಟ್ರೆ ಯಾರಾದ್ರೂ ಹಿಡ್ಕಂಡೋಗ್ತಾರೆ, ಆಳಕ್ಕೆ ಬಿಡು" ಎಂದಳು ಓಬಮ್ಮ. ನಾನು ಕುತ್ತಿಗೆ ಚಾಚಿದೆ. ಅವನ ಅಂಗಿಯ ತೋಳಿಗೆ ಉಗುರು ಸಿಕ್ಕಿಸಿ ಹಿಡಿದೆ. ಅವನು ಒಂದೊಂದೇ ಉಗುರನ್ನು, ಎಳೆಯ ಮಗುವಿನ ಬೆರಳು ಬಿಡಿಸುವಂತೆ, ಮೆಲ್ಲಗೆ ಬಿಡಿಸಿ ನನ್ನನ್ನು ನೀರಿಗೆ ಬಿಟ್ಟ. ನಾನು ಕಾಲು ಬಡಿಯತೊಡಗಿದೆ.

"ನೋಡೇ, ನೀರು ಕಂಡ ಕೂಡ್ಲೆ ಎಂಥಾ ಹುರುಪು!" ಅವನು ಅಳುತ್ತಿದ್ದ, ನಗುತ್ತಲೂ ಇದ್ದ. ಅಷ್ಟು ಹಗುರಾದ ಅವನ ಮುಖವನ್ನು ನಾನು ಎಂದೂ ಕಂಡಿರಲಿಲ್ಲ.

ಈಗ ಅಕ್ಕಿ ನೀರು ಕುಡಿದು ಭಾರವಾಗಿದೆ. ಮೂಗು ಮಾತ್ರ ಮೇಲಿದೆ. ನನಗೆ ಬಹಳ ಭಯವಾಗುತ್ತಿದೆ. ಇನ್ನೂ ಎಷ್ಟೋ ಕಾಲ ಬದುಕುವ ಜೀವ ನನ್ನದು, ಬದುಕಬೇಕೆಂದು ಆಸೆಯೂ ಇತ್ತು. ಈ ಇಬ್ಬರ ಮೇಲೆ ಸಿಟ್ಟು ಬರಬೇಕಿತ್ತು. ಬರುತ್ತಿಲ್ಲ, ಅದೂ ಒಂದು ಸಂಕಟ.

ದಡದಿಂದ ಓಬಮ್ಮ ಕೂಗುತ್ತಿದ್ದಾಳೆ: "ಪಂಚಮಿಗೆ ಬಾರವ್ವ! ಉಂಡೆ ಕಟ್ಟಿಟ್ಟಿರ್ತೀನಿ!"

ಅವರು ಬಂದೇ ಬರುತ್ತಾರೆ. ಪಂಚಮಿಯ ದಿನ ಇಲ್ಲೇ ದಡದಲ್ಲಿ ಕೂತು ಕಾಯುತ್ತಾರೆ. ಕತ್ತಲಾದ ಮೇಲೆ, ಮಗಳು ಸುಖವಾಗಿದ್ದಾಳೆ, ಅದಕ್ಕೇ ತವರು ಮರೆತಿದ್ದಾಳೆ ಎಂದುಕೊಂಡು ಎದ್ದು ಹೋಗುತ್ತಾರೆ.