ಬೋಗ್ನಾ ಸತ್ತಿಲ್ಲ

ಎದ್ದು ಹೋಗಬೇಡಿ, ಪೂರ್ತಿ ಕೇಳಿ! ಅರ್ಧಕ್ಕೇ ಎದ್ದು ಹೋದವರಿಂದಲೇ ನನಗೆ ಈ ಗತಿ ಬಂದಿರುವುದು.

ನಾನು ಒಂದು ಕಾದಂಬರಿ. ಪೋಲೆಂಡಿನ ಲೇಖಕಿಯೊಬ್ಬಳು ಬರೆದ ಮಾಯಾಲೋಕದ ಕಥಾಮಾಲೆಯ ಐದನೆಯ, ಕೊನೆಯ ಸಂಪುಟ. ಇಂಗ್ಲಿಷಿನ ಅಂಗಿ ತೊಟ್ಟು, ಇಟ್ಟಿಗೆಯಷ್ಟು ದಪ್ಪಗೆ ಅಚ್ಚಾಗಿ ಹುಬ್ಬಳ್ಳಿಗೆ ಬಂದೆ. ನನ್ನೊಳಗೆ ಬೋಗ್ನಾ ಇದ್ದಾಳೆ, ಉಪ್ಪಿನ ಗಣಿಯ ಕೂಲಿಯ ಮಗಳು. ಗಣಿಯ ಕುರುಡು ಡ್ರ್ಯಾಗನ್ ಅವಳ ಊರಿನವರ ದನಿಯನ್ನೆಲ್ಲ ನುಂಗಿಬಿಟ್ಟಿದೆ. ಅದನ್ನು ಮರಳಿ ತರಲು ಅವಳು ನಾಲ್ಕು ಸಂಪುಟಗಳಿಂದ ನಡೆಯುತ್ತಲೇ ಇದ್ದಾಳೆ.

ನನ್ನನ್ನು ಕೊಂಡವನು ಬಾಡಿಗೆ ಪುಸ್ತಕದ ಅಂಗಡಿಯ ಚನ್ನವೀರಪ್ಪ. ಕೈಯಲ್ಲಿ ತೂಗಿ ನೋಡಿದವನೇ, "ಇಷ್ಟ ದಪ್ಪ ಕಂಡ್ರ ಮಂದಿ ಓಡಿ ಹೋಗ್ತಾರ. ಎರಡ್ ಮಾಡೂಣು, ಇಬ್ರು ಒಮ್ಮಿಗೇ ಓದ್ತಾರ" ಎಂದ. ಬೈಂಡರನ ಕತ್ತಿ ನನ್ನ ಬೆನ್ನ ನಡುವೆ ಇಳಿಯಿತು! ಬೋಗ್ನಾ ಗಣಿಯ ಬಾಗಿಲು ತಳ್ಳಿದಲ್ಲಿಗೆ ಮೊದಲ ತುಂಡು ಮುಗಿಯಿತು. ಅವಳು ಒಳಗೆ ಕಾಲಿಟ್ಟದ್ದರಿಂದ ಕೊನೆಯವರೆಗೆ ನಾನು, ಎರಡನೇ ತುಂಡು. ದನವನ್ನು ಹೀಗೆ ಸೀಳಿ ಇಬ್ಬರಿಗೆ ಹಾಲು ಕರೆಯಲು ಕೊಡುತ್ತಾರೆಯೇ?

ಮೊದಲ ತುಂಡನ್ನು ಒಯ್ದವಳು ನಸೀಮಾ. ಹಿಂದಿನ ನಾಲ್ಕೂ ಸಂಪುಟ ಓದಿದ್ದ ಕಾಲೇಜು ಹುಡುಗಿ. ನನ್ನನ್ನು ಒಯ್ದವರು ವಾಮನರಾಯರು. ಮೊದಲರ್ಧ ಅವರಿಗೆ ಬೇಡವೇ ಬೇಡ. ಯಾರು ಸತ್ತರು, ಯಾರು ಉಳಿದರು ಎಂದಷ್ಟೇ ಗೊತ್ತಾಗಬೇಕು. ಡ್ರ್ಯಾಗನ್ನಿನ ಬಾಲ ಬಡಿದು ಬೋಗ್ನಾ ಕೆಳಗೆ ಬಿದ್ದಳು. ಇವರು ಕನ್ನಡಕ ತೆಗೆದು ನನ್ನನ್ನು ಮಗುಚಿಟ್ಟರು. ಮುಂದಿನ ಹಾಳೆಯಲ್ಲೇ ಅವಳು ಏಳುತ್ತಾಳೆ. ಒಂದೇ ಒಂದು ಹಾಳೆ!

ಮೊದಲ ತುಂಡು ಮುಗಿಸಿದ ನಸೀಮಾ ರಾಯರ ಮನೆಗೇ ಬಂದಳು. "ಕಾಕಾ, ಎರಡನೇ ಭಾಗ ಮುಗೀತೇನ್ರಿ? ಬೋಗ್ನಾ ಬಾಗ್ಲದಾಗ ನಿಂತಾಳ, ನನಗ ಊಟಾನ ಸೇರವಲ್ದು."

"ಯಾಕ ಹಸಕೊಂಡು ಕೂತೀವಾ? ಸತ್ಲು ಆಕಿ. ಡ್ರ್ಯಾಗನ್ ಹೊಡದ ಹಾಕ್ತು."

"ಖರೇನ?"

"ನಾ ಯಾಕ ಸುಳ್ ಹೇಳ್ಲಿ? ಓದೀನಲ್ಲ!"

ನಸೀಮಾಳ ಮುಖ ಬಾಡಿತು. ಟೇಬಲ್ ಫ್ಯಾನಿನ ಗಾಳಿಗೆ ನಾನು ಪಟಪಟನೆ ಬಡಿದುಕೊಂಡೆ. ಬೋಗ್ನಾ ಏಳುವ ಹಾಳೆಯನ್ನೇ ಬಿಡಿಸಿ ಹಿಡಿದೆ. "ಥೂ, ಏನ್ ಗದ್ದಲಪಾ ಇದರದು" ಎಂದು ರಾಯರು ನನ್ನ ಮೇಲೆ ಅಡಿಕೆ ಡಬ್ಬಿ ಹೇರಿದರು.

"ಒಯ್ತೀಯೇನು?"

"ಬ್ಯಾಡ್ರಿ ಕಾಕಾ. ಆಕಿ ಸಾಯೂದನ್ನ ನಾ ಓದಂಗಿಲ್ಲ."

ಅಷ್ಟೇ. ಹೋಗಿಬಿಟ್ಟಳು.

ರಾಯರು ನನ್ನನ್ನು ಅಂಗಡಿಗೆ ಮರಳಿಸಿದರು. ಬರಬರುತ್ತ ಮಂದಿ ಮೊಬೈಲಿಗೆ ಅಂಟಿಕೊಂಡರು, ಅಂಗಡಿ ಮುಚ್ಚಿತು. ಮುಚ್ಚಿದ ದಿನ ನಸೀಮಾ ಬಂದಳು. ಚನ್ನವೀರಪ್ಪ, "ಎರಡೂ ತುಂಡು ಒಯ್ಯವಾ, ಪುಕ್ಕಟ" ಎಂದ. ಅವಳು ಮೊದಲ ತುಂಡನ್ನಷ್ಟೇ ಎದೆಗೊತ್ತಿಕೊಂಡಳು. "ಇದ ಸಾಕ್ರಿ. ಇದ್ರಾಗ ಆಕಿ ಇನ್ನೂ ಜೀವಂತ ಅದಾಳ."

ಅವಳ ಕಾಲ ಬಳಿಯ ಗೋಣಿಚೀಲದಲ್ಲೇ ನಾನಿದ್ದೆ!

ಈಗ ರದ್ದಿ ಅಂಗಡಿಯ ಮೂಲೆಯಲ್ಲಿದ್ದೇನೆ. ಇಂದೋ ನಾಳೆಯೋ ನನ್ನ ಹಾಳೆಗಳಲ್ಲಿ ಯಾರೋ ಮಿರ್ಚಿ ಭಜಿ ಕಟ್ಟುತ್ತಾರೆ. ಕಟ್ಟಲಿ, ಅದಕ್ಕೆ ಸಿಟ್ಟಿಲ್ಲ. ಆದರೆ ಬೋಗ್ನಾ ಎದ್ದಳು, ಗೆದ್ದಳು, ಊರಿಗೆಲ್ಲ ದನಿ ತಂದುಕೊಟ್ಟಳು. ನನ್ನೊಬ್ಬನಿಗೆ ಮಾತ್ರ ದನಿಯಿಲ್ಲ. ನಿಮ್ಮೆದುರೇ ನಿಮ್ಮ ಕಥೆಯನ್ನು ಒಬ್ಬ ತಪ್ಪಾಗಿ ಹೇಳಿ, ಕೇಳಿದವಳು ಅದನ್ನು ನಂಬಿ ಹೊರಟು ನಿಂತಿದ್ದರೆ, ಬಾಯಿಲ್ಲದ ನೀವು ಏನು ಮಾಡುತ್ತಿದ್ದಿರಿ?